ನಾಲ್ಕು ಬೈ ಎರಡು: ಸರಿ ಉತ್ತರದ ಹಿಂದೆ ಅಡಗಿದ್ದ ತಪ್ಪು

ಹನುಮಂತನಗರದಲ್ಲಿ ನಮ್ಮ ಮನೆ. ಸಂಜೆ ಆರರಿಂದ ಎಂಟರವರೆಗೆ ಹಾಲ್‌ನಲ್ಲಿ ಚಾಪೆ ಹಾಸಿ ಐದಾರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಬಹಳ ವರ್ಷದಿಂದ ಇದೇ ಕೆಲಸ. ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಅಂತ ನನಗೆ ಗೊತ್ತು ಅನ್ನೋ ಜಂಬ ಇತ್ತು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಅದನ್ನು ಸ್ವಲ್ಪ ಇಳಿಸಿದಳು. ಆ ಕಥೆ ಇದು.

ಅವಳನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಹೆಸರು ಅದಲ್ಲ. ಶಾಲೆ ಯಾವುದು, ಯಾವ ವರ್ಷ ಅನ್ನೋದು ಬೇಡ. ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳ ಸೋದರಮಾವ ಸೈಟು ಮಾರಿಸುವ ಬ್ರೋಕರ್ ಅನ್ನೋದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಮುಂದೆ ಅದು ಬೇಕಾಗುತ್ತದೆ. ಬೆಂಗಳೂರಲ್ಲಿ ಅಂಥ ಮಾವಂದಿರು ಬೀದಿಗೊಬ್ಬರು ಇದ್ದಾರೆ, ಅದರಿಂದ ಯಾರ ಗುರುತೂ ಸಿಗಲ್ಲ.

ಇನ್ನೊಂದು ಸಣ್ಣ ವಿಷಯ. ಪುಸ್ತಕದಲ್ಲಿ ಎಕ್ಸ್, ವೈ ಅಂತ ಇರುವ ಕಡೆ ನಾನಿಲ್ಲಿ ಕ, ಗ ಅಂತ ಬರೆದಿದ್ದೇನೆ. ಇದೇನು ಹೊಸತಲ್ಲ. ಹನ್ನೆರಡನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗೆ ‘ಯಾ’ ಅಂತ ಬರೆಯುತ್ತಿದ್ದರು. ಎರಡನೆಯದಕ್ಕೆ ‘ಕಾ’, ಮೂರನೆಯದಕ್ಕೆ ‘ನೀ’. ವರ್ಗಕ್ಕೆ ಪಕ್ಕದಲ್ಲಿ ‘ವ’, ಘನಕ್ಕೆ ‘ಘ’. ಘಾತವನ್ನು, ಅಂದರೆ ಒಂದೇ ಸಂಖ್ಯೆ ಎಷ್ಟು ಸಲ ಗುಣಿಸಿಕೊಂಡಿದೆ ಅನ್ನೋದನ್ನು, ತಲೆಯ ಮೇಲೆ ಪುಟ್ಟ ಅಂಕಿಯಾಗಿ ಕೂರಿಸುವ ಈಗಿನ ರೂಢಿ 1637ರಲ್ಲಿ ಫ್ರಾನ್ಸಿನ ಗಣಿತಜ್ಞ ರೆನೆ ಡೆಕಾರ್ಟ್ ಬರೆದ ಪುಸ್ತಕದಿಂದ ಹರಡಿತು. ನಮ್ಮ ಕಥೆಯ ಗಲಾಟೆಯೆಲ್ಲ ಆ ಪುಟ್ಟ ಅಂಕಿಯದ್ದೇ.

ಹಿನ್ನೆಲೆ

ಪುಟ್ಟಿ ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದರು. ಘಾತಾಂಕ ಹೋಗಿ ಎಕ್ಸ್‌ಪೋನೆಂಟ್ ಬಂತು. ಏಕಪದೋಕ್ತಿ ಹೋಗಿ ಮೋನೋಮಿಯಲ್ ಬಂತು. ಸಹಗುಣಕಕ್ಕೆ, ಅಂದರೆ ಅಕ್ಷರದ ಎಡಗಡೆ ಕೂರುವ ದೊಡ್ಡ ಅಂಕಿಗೆ, ಬಂದ ಇಂಗ್ಲಿಷ್ ಪದ ಅವಳ ಬಾಯಿಗೆ ಕೊನೆಗೂ ಸರಿಯಾಗಿ ಹತ್ತಲಿಲ್ಲ. ಹಾಗಂತ ದಡ್ಡಿ ಅಲ್ಲ. ಮಗ್ಗಿ ಇಪ್ಪತ್ತರವರೆಗೆ ನೀರು ಕುಡಿದ ಹಾಗೆ ಹೇಳುತ್ತಿದ್ದಳು. ಅಂಗಡಿ ಲೆಕ್ಕ ನನಗಿಂತ ಬೇಗ ಮಾಡುತ್ತಿದ್ದಳು. ಆ ಮಗ್ಗಿಯೇ ಅವಳ ಕಾಲಿಗೆ ತೊಡರಿಕೊಂಡಿತು ಅಂತ ನನಗೆ ಹೊಳೆಯೋಕೆ ಒಂದು ತಿಂಗಳು ಬೇಕಾಯಿತು.

ಅವಳು ಬಂದ ಮೊದಲ ವಾರ ಎಷ್ಟು ಗೊತ್ತಿದೆ ನೋಡೋಣ ಅಂತ ಎರಡು ಲೆಕ್ಕ ಕೊಟ್ಟೆ. ಒಂದು ಗುಣಾಕಾರ. ಇನ್ನೊಂದು ಭಾಗಾಕಾರ:

4ಕ⁴ ÷ 2ಕ²

ಎರಡೇ ಸೆಕೆಂಡಿನಲ್ಲಿ 2ಕ² ಅಂತ ಬರೆದಳು. ಸರಿ ಉತ್ತರ. ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ ಮುಂದಿನ ಪಾಠಕ್ಕೆ ಹೋದೆ. ಈ ಪ್ರಕರಣದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಆ ರೈಟ್ ಮಾರ್ಕು.

ಖಾಲಿ ಬಿಟ್ಟ ಜಾಗ

ಮೂರು ವಾರ ಕಳೆದ ಮೇಲೆ ಶಾಲೆಯ ಟೆಸ್ಟ್ ಪೇಪರ್ ತಂದಳು. ಹತ್ತಕ್ಕೆ ಮೂರು. ಅಳು ಬರುವ ಮುಖ. ನಾನು ಪೇಪರನ್ನು ಲೈಟ್ ಕೆಳಗೆ ಹಿಡಿದು ನೋಡಿದೆ.

12ಕ⁸ ÷ 4ಕ² = 3ಕ⁴
20ಕ⁶ ÷ 5ಕ³ = 4ಕ²
18ಕ⁹ ÷ 6ಕ³ = 3ಕ³
14ಕ⁷ ÷ 2ಕ³ = 

ಶಾಲೆಯಲ್ಲಿ ಎಲ್ಲದಕ್ಕೂ ತಪ್ಪು ಹಾಕಿದ್ದರು, ಅಷ್ಟೇ. ಮೊದಲ ಮೂರನ್ನು ನೋಡಿ ನಾನೂ ‘ಗಮನ ಇಲ್ಲ’ ಅಂತ ಬೈಯೋಕೆ ಹೊರಟಿದ್ದೆ. ನಾಲ್ಕನೆಯದು ತಡೆಯಿತು. ಖಾಲಿ ಬಿಟ್ಟಿದ್ದಳು. ಸಮಯ ಸಾಲದೆ ಬಿಟ್ಟಿದ್ದಲ್ಲ, ಯಾಕೆಂದರೆ ಅದರ ಕೆಳಗಿನ ಲೆಕ್ಕಗಳನ್ನೆಲ್ಲ ಮಾಡಿದ್ದಳು. ರಬ್ಬರ್ ಉಜ್ಜಿ ಉಜ್ಜಿ ಕಾಗದ ತೆಳ್ಳಗಾಗಿತ್ತು.

“ಇದನ್ಯಾಕೆ ಬಿಟ್ಟೆ ಪುಟ್ಟಿ?”

“ಮಿಸ್, ಏಳು ಮೂರರಿಂದ ಹೋಗಲ್ಲ.”

ಅಲ್ಲಿಗೆ ಎಲ್ಲ ಬಿಚ್ಚಿಕೊಂಡಿತು. ಅವಳಿಗೆ ಭಾಗಿಸು ಅಂದರೆ ಕಣ್ಣಿಗೆ ಕಂಡ ಅಂಕಿಯನ್ನೆಲ್ಲ ಭಾಗಿಸೋದು. 12ನ್ನು 4ರಿಂದ, ಹಾಗೇ 8ನ್ನು 2ರಿಂದ. ದೊಡ್ಡ ಅಂಕಿ, ಪುಟ್ಟ ಅಂಕಿ ಅನ್ನೋ ಭೇದ ಇಲ್ಲ. ದೊಡ್ಡ ಅಂಕಿ ಭಾಗಿಸಿ, ಪುಟ್ಟ ಅಂಕಿ ಕಳೆಯಬೇಕಿತ್ತು; ಆಗ 3ಕ⁶ ಬರುತ್ತಿತ್ತು. ಬಾಯಲ್ಲಿ ಓದು ಅಂದೆ. “ಎಕ್ಸ್ ಏಯ್ಟ್ ಬೈ ಎಕ್ಸ್ ಟೂ” ಅಂತ ಓದಿದಳು. ಕೇಳಿದರೆ ನಿಮಗೂ ಎಂಟು ಬೈ ಎರಡು ಅಂತಲೇ ಕೇಳಿಸುತ್ತೆ, ಅಲ್ವಾ? ಈ ಊರಲ್ಲಿ ‘ಬೈ ಟೂ’ ಅಂದರೆ ಕಾಫಿಯೂ ಎರಡು ಲೋಟ ಆಗುತ್ತೆ. ಆ ಹುಡುಗಿ ಎಂಟನ್ನು ನಾಲ್ಕು ಮಾಡಿದ್ದು ದೊಡ್ಡ ಅಪರಾಧವೇನಲ್ಲ.

ಹಾಗಾದರೆ ಮೊದಲ ದಿನ ಹೇಗೆ ಸರಿ ಬರೆದಳು? ಹಳೇ ಪುಟ ತಿರುಗಿಸಿದೆ. 4ಕ⁴ ÷ 2ಕ². ಘಾತಗಳನ್ನು ಕಳೆದರೆ 4 − 2, ಅಂದರೆ 2. ಭಾಗಿಸಿದರೂ 4 ÷ 2, ಅಂದರೆ 2. ಸಹಗುಣಕದಲ್ಲೂ ಅದೇ 4, ಅದೇ 2. ಯಾರು ಏನು ಮಾಡಿದರೂ 2ಕ² ಬಂದೇ ಬರುತ್ತೆ. ತಪ್ಪು ಹಿಡಿಯೋಕೆ ಅಂತ ಕೊಟ್ಟ ಲೆಕ್ಕ ಯಾವ ತಪ್ಪನ್ನೂ ಹಿಡಿಯುವಂಥದ್ದೇ ಅಲ್ಲ. ಸುಲಭವಾಗಿರಲಿ ಅಂತ ಚಿಕ್ಕ ಅಂಕಿ ಹುಡುಕಿದ್ದೆ, ಅಷ್ಟೇ ಆಗಿದ್ದು.

ಇದು ಎಷ್ಟು ದುರದೃಷ್ಟದ ಆಯ್ಕೆ ಅಂತ ಆಮೇಲೆ ಗೊತ್ತಾಯಿತು. ಕಳೆದರೂ ಭಾಗಿಸಿದರೂ ಒಂದೇ ಉತ್ತರ ಕೊಡುವ ಇನ್ನೊಂದು ಜೋಡಿ ಹುಡುಕು ಅಂತ ಹತ್ತನೇ ಕ್ಲಾಸಿನ ಒಬ್ಬ ಹುಡುಗನಿಗೆ ಹೇಳಿದ್ದೆ. ಮಾರನೇ ದಿನ ಬಂದು “ಇಲ್ಲ ಮಿಸ್, ಇದೊಂದೇ” ಅಂದ. ಮೇಲಿನ ಘಾತ ಮ, ಕೆಳಗಿನದು ನ ಅಂತಿಟ್ಟುಕೊಳ್ಳಿ. ಮ − ನ = ಮ ÷ ನ ಆಗಬೇಕಾದರೆ ಮ = ನ² ÷ (ನ − 1) ಆಗಬೇಕು. ನ² ಅಂದರೆ (ನ − 1)(ನ + 1) + 1. ನ − 1 ರಿಂದ ಭಾಗಿಸಿದರೆ ಆ ಕೊನೆಯ 1 ಉಳಿದುಬಿಡುತ್ತೆ. ಅದೂ ಪೂರ್ತಿ ಹೋಗಬೇಕಾದರೆ ನ − 1 ಒಂದೇ ಆಗಿರಬೇಕು. ಆಗ ನ 2, ಮ 4. ಪೂರ್ಣ ಧನ ಸಂಖ್ಯೆಗಳಲ್ಲಿ ಬೇರೆ ಜೋಡಿಯೇ ಇಲ್ಲ. ಅದೊಂದನ್ನೇ ಹುಡುಕಿ ನಾನು ಪುಟ್ಟಿಗೆ ಕೊಟ್ಟಿದ್ದೆ!

ಮದ್ದೇ ಕಾಯಿಲೆ ಆದದ್ದು

ತಪ್ಪು ಗೊತ್ತಾಯಿತು, ತಿದ್ದೋದು ಸುಲಭ ಅಂದುಕೊಂಡೆ. ಹಳೇ ಮಂತ್ರ ಇದೆಯಲ್ಲ, ‘ಗುಣಿಸಿದರೆ ಕೂಡು, ಭಾಗಿಸಿದರೆ ಕಳೆ’. ಹತ್ತು ಸಲ ಹೇಳಿಸಿದೆ. ಮಾರನೇ ಸಂಜೆ ಅದೇ ಲೆಕ್ಕ ಕೊಟ್ಟೆ.

12ಕ⁸ ÷ 4ಕ² = 8ಕ⁶

ಘಾತ ಸರಿಯಾಯಿತು. ಸಹಗುಣಕ ಕೆಟ್ಟಿತು. 12ರಲ್ಲಿ 4 ಕಳೆದಿದ್ದಳು. ಭಾಗಿಸಿದರೆ ಕಳೆ ಅಂತ ನಾನೇ ತಾನೇ ಹೇಳಿಕೊಟ್ಟಿದ್ದು? ಯಾವುದನ್ನು ಕಳೆಯಬೇಕು ಅಂತ ಮಂತ್ರದಲ್ಲಿ ಇರಲಿಲ್ಲ. “ಸಂಖ್ಯೆ ಭಾಗಿಸು, ಘಾತ ಕಳೆ” ಅಂತ ತಿದ್ದಿದೆ. ಅಲ್ಲಿಂದ ಮುಂದೆ ಅವಳದ್ದು ಚೀಟಿ ಎತ್ತಿದ ಹಾಗೆ. ಒಂದು ದಿನ 3ಕ⁶, ಇನ್ನೊಂದು ದಿನ 8ಕ⁶, ಆತುರ ಇದ್ದರೆ ಮತ್ತೆ 3ಕ⁴. ಉತ್ತರ ಬರೆದು ನನ್ನ ಮುಖ ನೋಡುತ್ತಿದ್ದಳು. ನನ್ನ ಹುಬ್ಬು ಮೇಲೆ ಹೋದರೆ ರಬ್ಬರ್ ತೆಗೆಯುತ್ತಿದ್ದಳು.

ಯಾಕೆ ಕಳೆಯಬೇಕು ಅನ್ನೋದು ಅವಳಿಗೆ ತಿಳಿದಿಲ್ಲ ಅಂತ ಹುಣಸೆಬೀಜ ತಂದೆ. ಒಂದೊಂದು ಕ ಗೆ ಒಂದೊಂದು ಬೀಜ. ಘಾತ 8 ಅಂದರೆ ಕ ಎಂಟು ಸಲ ಒಂದಕ್ಕೊಂದು ಗುಣಿಸಿಕೊಂಡಿದೆ. ಕೆಳಗೆ ಎರಡು. ಮೇಲಿನ ಒಂದು, ಕೆಳಗಿನ ಒಂದು, ಜೋಡಿ ಮಾಡಿ ಎತ್ತು. ಇನ್ನೊಂದು ಜೋಡಿ ಎತ್ತು. ಮೇಲೆ ಆರು ಉಳಿಯಿತು. ಅವಳ ಮುಖ ಅರಳಿತು. ನನಗೂ ಗೆದ್ದೆ ಅನ್ನಿಸಿತು.

ಖುಷಿಯಲ್ಲಿ 5ಕ³ ÷ 5ಕ³ ಕೊಟ್ಟೆ. ಮೂರು ಬೀಜ ಮೇಲೆ, ಮೂರು ಕೆಳಗೆ. ಜೋಡಿ ಜೋಡಿಯಾಗಿ ಎತ್ತಿದಳು. ಚಾಪೆ ಖಾಲಿ. ಉತ್ತರ ಸೊನ್ನೆ ಅಂತ ಬರೆದಳು.

ಚಾಪೆ ನೋಡಿದರೆ ಅವಳು ಬರೆದದ್ದು ಸರಿಯೇ. ಬೀಜ ಏನೂ ಉಳಿದಿಲ್ಲವಲ್ಲ! ಬೀಜಗಳನ್ನು ಸಾಲಾಗಿ ಇಟ್ಟರೆ ಅವು ಕೂಡಿಸಿದ ಹಾಗೆ ಕಾಣುತ್ತವೆ, ಗುಣಿಸಿದ ಹಾಗೆ ಕಾಣಲ್ಲ. ಕ ಯನ್ನು ಕ ಯಿಂದ ಭಾಗಿಸಿದಾಗ ಅಲ್ಲಿ 1 ನಿಲ್ಲುತ್ತೆ, ಆದರೆ ಎತ್ತಿದ ಬೀಜದ ಜಾಗದಲ್ಲಿ ಏನೂ ಕಾಣಲ್ಲ. ಇಲ್ಲದ ಕಾಯಿಲೆಯನ್ನು ನಾನೇ ಅಂಟಿಸಿದ್ದೆ. ಹುಣಸೆಬೀಜ ಅವತ್ತೇ ವಾಪಸ್ ಚೌಕಾಬಾರದ ಡಬ್ಬಿ ಸೇರಿತು. ಬೀಜ, ಕಡ್ಡಿ, ಗೋಲಿ ಇಟ್ಟು ಘಾತ ಕಲಿಸುವವರು ಇದೊಂದನ್ನು ನೋಡಿಕೊಳ್ಳಿ.

ಒಂದು ಹಾಕಿದರೆ ಎಲ್ಲವೂ ಸರಿ

ಆ ರಾತ್ರಿ ಒಂದು ನಿರ್ಧಾರ ಮಾಡಿದೆ. ಇನ್ನು ಉತ್ತರ ಸರಿಯೋ ತಪ್ಪೋ ಅಂತ ನಾನು ಹೇಳಲ್ಲ. ಅವಳೇ ನೋಡಿಕೊಳ್ಳಬೇಕು. ಕ ಅಂದರೆ ಯಾವುದೋ ಒಂದು ಸಂಖ್ಯೆ ತಾನೇ? ಆ ಜಾಗದಲ್ಲಿ ಒಂದು ಸಂಖ್ಯೆ ಹಾಕಿ ಎರಡೂ ಕಡೆ ಲೆಕ್ಕ ಮಾಡಲಿ. ಸಮ ಬಂದರೆ ಸರಿ, ಇಲ್ಲದಿದ್ದರೆ ತಪ್ಪು. ಸೊನ್ನೆ ಮಾತ್ರ ಹಾಕಬಾರದು, ಹಾಕಿದರೆ ಭಾಜಕವೇ ಸೊನ್ನೆ ಆಗಿಬಿಡುತ್ತೆ.

ಪುಟ್ಟಿ ಜಾಣೆ. 1 ಹಾಕಿದಳು. ಒಂದರ ಎಂಟನೇ ಘಾತವೂ ಒಂದು, ಎರಡನೇ ಘಾತವೂ ಒಂದು. ಎಡಗಡೆ 12 ÷ 4, ಅಂದರೆ 3. ಅವತ್ತಿನ ಅವಳ ಉತ್ತರ 3ಕ⁴, ಅದೂ 3. “ಸರಿ ಇದೆ ಮಿಸ್!”

ನನಗೆ ನಗು ಬಂತು. ಮತ್ತೆ ಅದೇ ಕಥೆ. ಪರೀಕ್ಷೆ ಮಾಡೋಕೆ ಇಟ್ಟದ್ದು ಏನನ್ನೂ ಪರೀಕ್ಷೆ ಮಾಡುತ್ತಿಲ್ಲ. 1 ಹಾಕಿದರೆ ಸಹಗುಣಕದ ತಪ್ಪು ಸಿಗುತ್ತೆ, ಘಾತದ ತಪ್ಪು ಜಾರಿಕೊಳ್ಳುತ್ತೆ.

2 ಹಾಕು ಅಂದೆ. ಎರಡರ ಎಂಟನೇ ಘಾತ 256. ಹನ್ನೆರಡರಿಂದ ಗುಣಿಸಿದರೆ 3072. ಕೆಳಗೆ 16. ಭಾಗಿಸಿದರೆ 192. ಅವಳ 3ಕ⁴ ಬರೀ 48. ತಪ್ಪು ಅಂತ ಗೊತ್ತಾಯಿತು. ಯಾಕೆ ತಪ್ಪು ಅಂತ ಗೊತ್ತಾಗಲಿಲ್ಲ. 192 ಮತ್ತು 48 ಒಂದನ್ನೊಂದು ನೋಡುತ್ತಾ ಕೂತಿದ್ದವು, ನಾವಿಬ್ಬರೂ ಅವನ್ನು ನೋಡುತ್ತಾ ಕೂತಿದ್ದೆವು. ಹೊರಗೆ ಜೋರು ಮಳೆ. ಕರೆಂಟ್ ಹೋಗಿ ಬಂತು. ಉಳಿದ ಮಕ್ಕಳು ಮನೆಗೆ ಹೋಗಿದ್ದರು. ಪುಟ್ಟಿಯ ಅಮ್ಮ ಇನ್ನೂ ಬಂದಿರಲಿಲ್ಲ.

ನೂರಿಪ್ಪತ್ತು ಕೋಟಿ

“10 ಹಾಕು. ಗುಣಿಸೋದು ಸುಲಭ” ಅಂದೆ. ದೊಡ್ಡ ಯೋಚನೆಯೇನೂ ಇರಲಿಲ್ಲ. ಸುಮ್ನೆ ಮಳೆ ನಿಲ್ಲೋವರೆಗೆ ಕೂರಿಸಬೇಕಿತ್ತು.

ಅವಳು 12 ಬರೆದು ಮುಂದೆ ಎಂಟು ಸೊನ್ನೆ ಹಾಕಿದಳು. ಹಿಂದಿನಿಂದ ಎಣಿಸುತ್ತಾ ಕಾಮಾ ಹಾಕಿದಳು. 1,20,00,00,000.

“ನೂರಿಪ್ಪತ್ತು ಕೋಟಿ ಮಿಸ್!”

ಧ್ವನಿಯೇ ಬೇರೆ ಆಗಿತ್ತು. ಮಾವನ ಫೋನ್ ಮಾತು ಕೇಳಿ ಬೆಳೆದ ಹುಡುಗಿ. ಕೋಟಿ, ಲಕ್ಷ ಅಂದರೆ ಅವಳಿಗೆ ಮನೆಯ ಮಾತು. ಕೆಳಗೆ 400 ಬರೆದಳು. ನಾನು ಏನೂ ಹೇಳುವ ಮೊದಲೇ ಕೆಳಗಿನ ಎರಡು ಸೊನ್ನೆಗೆ ಗೀಟು ಹಾಕಿ, ಮೇಲಿನ ಎರಡು ಸೊನ್ನೆಗೂ ಗೀಟು ಹಾಕಿದಳು. ಉಳಿದ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ನಾಲ್ಕರಿಂದ ಭಾಗಿಸಿದಳು. ಮೂವತ್ತು ಲಕ್ಷ.

ಆಮೇಲೆ ತನ್ನ 3ಕ⁴ ಗೆ 10 ಹಾಕಿದಳು. ಮೂವತ್ತು ಸಾವಿರ.

“ಅಯ್ಯೋ, ಮೂವತ್ತು ಸಾವಿರ ಎಲ್ಲಿ, ಮೂವತ್ತು ಲಕ್ಷ ಎಲ್ಲಿ!”

192 ಮತ್ತು 48 ಮಾಡಲಾಗದ ಕೆಲಸವನ್ನು ಇದು ಮಾಡಿತು. ಇಲ್ಲಿ ನನಗೆ ಬಾಯಿ ತುರಿಸಿತು. ‘ನೋಡಿದ್ಯಾ, ಅದಕ್ಕೇ ಘಾತ ಕಳೀಬೇಕು’ ಅಂತ ಹೇಳಿಬಿಡೋದು ಎಷ್ಟು ಸುಲಭ. ಹೇಳಲಿಲ್ಲ. ಎದ್ದು ಒಳಗೆ ಹೋಗಿ ಅವಳಿಗೊಂದು ಲೋಟ ಹಾಲು ತಂದೆ. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ್ದು ಏನಾದರೂ ಇದ್ದರೆ ಅದು ಆ ಎರಡು ನಿಮಿಷ ಸುಮ್ಮನಿದ್ದದ್ದು.

ಬರುವಷ್ಟರಲ್ಲಿ ಅವಳು ಪುಟದ ಮೂಲೆಯಲ್ಲಿ ತನ್ನದೇ ಲೆಕ್ಕ ಹಾಕುತ್ತಿದ್ದಳು. ಒಂದು ಕೋಟಿ ಭಾಗಿಸು ಒಂದು ಲಕ್ಷ.

“ಮಿಸ್, ನೂರು ಲಕ್ಷಕ್ಕೆ ಒಂದು ಕೋಟಿ ಅಲ್ವಾ? ಕೋಟಿಗೆ ಏಳು ಸೊನ್ನೆ. ಲಕ್ಷಕ್ಕೆ ಐದು. ನೂರಕ್ಕೆ ಎರಡು.” ಸ್ವಲ್ಪ ನಿಂತು, “ಏಳು ಐದರಿಂದ ಹೋಗೋದೇ ಇಲ್ಲ. ಆದ್ರೂ ಕೋಟಿ ಲಕ್ಷದಿಂದ ಹೋಗುತ್ತೆ!”

‘ಹೋಗಲ್ಲ’ ಅಂತ ಖಾಲಿ ಬಿಟ್ಟಿದ್ದ 14ಕ⁷ ÷ 2ಕ³ ಅನ್ನು ತಾನಾಗಿಯೇ ತೆಗೆದಳು. ಏಳು ಸೊನ್ನೆಯಲ್ಲಿ ಮೂರಕ್ಕೆ ಗೀಟು. 7ಕ⁴. ನಾನು ಏನೂ ಹೇಳಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ.

ಅದೇ ಬಿಸಿಯಲ್ಲಿ 5ಕ³ ÷ 5ಕ³ ಮತ್ತೆ ಕೊಟ್ಟೆ. “ಐದು ಸಾವಿರದಲ್ಲಿ ಐದು ಸಾವಿರ ಎಷ್ಟು ಸಲ ಇದೆ?” ಅಂತಷ್ಟೇ ಕೇಳಿದೆ. ನಕ್ಕುಬಿಟ್ಟಳು. ಸೊನ್ನೆ ಅಳಿಸಿ 1 ಬರೆದಳು. ಬೀಜ ಎತ್ತಿದರೆ ಚಾಪೆ ಖಾಲಿಯಾಗುತ್ತೆ. 5,000ದ ಸೊನ್ನೆಗಳನ್ನೆಲ್ಲ ಹೊಡೆದರೂ ಐದು ಅಲ್ಲೇ ನಿಂತಿರುತ್ತೆ, ಕೆಳಗಿನ ಐದರ ಎದುರಿಗೆ.

ಮಾರನೇ ದಿನ ಒಂದು ಲೆಕ್ಕ ತಾನೇ ಮಾಡಿಕೊಂಡು ಬಂದಳು. ಮೂವತ್ತು ನಲವತ್ತು ಸೈಟು, 1200 ಚದರಡಿ. ಬೆಲೆ ಒಂದು ಕೋಟಿ ಇಪ್ಪತ್ತು ಲಕ್ಷ. ಅಡಿಗೆ ಎಷ್ಟು? 12ಕ⁶ ÷ 12ಕ² ಅಂತ ಬರೆದಿದ್ದಳು. ಉತ್ತರ ಕ⁴, ಅಂದರೆ ಹತ್ತು ಸಾವಿರ. ಬೆಲೆ ಕೇಳಿ ನನಗೆ ನಿಟ್ಟುಸಿರು ಬಂತು, ಲೆಕ್ಕ ನೋಡಿ ಸಂತೋಷವಾಯಿತು. ಜೊತೆಗೆ ಒಂದು ಪ್ರಶ್ನೆ. “ಮಿಸ್, ಥರ್ಟಿ ಬೈ ಫಾರ್ಟಿ ಅಂದ್ರೆ ಗುಣಿಸ್ತೀವಿ. ಏಯ್ಟ್ ಬೈ ಟೂ ಅಂದ್ರೆ ಭಾಗಿಸ್ತೀವಿ. ಯಾಕೆ?” ಒಂದೇ ‘ಬೈ’ಗೆ ಈ ಊರಲ್ಲಿ ಎರಡು ಕೆಲಸ ಇದೆ ಅಂತ ಅಲ್ಲಿಯವರೆಗೆ ನಾನು ಗಮನಿಸಿರಲೇ ಇಲ್ಲ. ಅವತ್ತಿನಿಂದ ನಮ್ಮ ಚಾಪೆಯ ಮೇಲೆ ಲೆಕ್ಕ ಓದುವಾಗ ‘ಬೈ’ ಇಲ್ಲ. ‘ಕ ಘಾತ ಎಂಟನ್ನು ಕ ಘಾತ ಎರಡರಿಂದ ಭಾಗಿಸು’ ಅಂತ ಪೂರ್ತಿ ಓದುತ್ತಾರೆ. ಸ್ವಲ್ಪ ಉದ್ದ. ಇರಲಿ.

ಈಗ ಕೊಡುವ ಲೆಕ್ಕ

ಹೊಸ ಮಗು ಬಂದರೆ ಈಗ ಮೊದಲು ಕೊಡೋದು 12ಕ⁸ ÷ 4ಕ². ಅದರಲ್ಲಿ ನಾಲ್ಕು ಬೇರೆ ಬೇರೆ ಉತ್ತರಕ್ಕೆ ಜಾಗ ಇದೆ. 3ಕ⁶ ಬಂದರೆ ಸರಿ. 3ಕ⁴ ಬಂದರೆ ಪುಟ್ಟಿಯ ಮೊದಲ ದಾರಿ, ಎಲ್ಲವನ್ನೂ ಭಾಗಿಸಿದ್ದು. 8ಕ⁶ ಬಂದರೆ ಯಾರೋ ಮಂತ್ರ ಹೇಳಿಕೊಟ್ಟಿದ್ದಾರೆ, ಎಲ್ಲವನ್ನೂ ಕಳೆದಿದ್ದಾರೆ. 8ಕ⁴ ಅಪರೂಪ, ಅದು ಎರಡನ್ನೂ ಅದಲು ಬದಲು ಮಾಡಿದ್ದು. ಆಮೇಲೆ 14ಕ⁷ ÷ 2ಕ³. ಇದನ್ನು ಬಿಟ್ಟರೆ ಯಾಕೆ ಬಿಟ್ಟೆ ಅಂತ ಕೇಳುತ್ತೇನೆ. ಕ⁵ ÷ ಕ ಕೂಡ ಇಟ್ಟಿದ್ದೇನೆ. ತಲೆಯ ಮೇಲೆ ಅಂಕಿ ಇಲ್ಲದ ಕ ಗೆ ಘಾತ 1 ಅನ್ನೋದು ಬಿಟ್ಟು ಸೊನ್ನೆ ಅಂದುಕೊಂಡು ಕ⁵ ಅಂತಲೇ ಬರೆಯುವ ಮಕ್ಕಳು ಸಿಗುತ್ತಾರೆ. 4 ಮತ್ತು 2 ಒಟ್ಟಿಗೆ ಬರುವ ಲೆಕ್ಕಗಳನ್ನು ನೋಟ್ಸಿನಿಂದ ತೆಗೆದುಹಾಕಿದೆ. ಎಷ್ಟೊಂದು ಇದ್ದವು ಅಂತ ನೋಡಿ ನನಗೇ ನಾಚಿಕೆಯಾಯಿತು.

10 ಹಾಕುವ ಉಪಾಯ ಎಲ್ಲ ಮಕ್ಕಳಿಗೂ ನಾಟಲ್ಲ. ಕೋಟಿ ಅಂದರೆ ಬರೀ ಶಬ್ದ ಅನ್ನೋ ಮಗುವಿಗೆ ಸಾವಿರ, ನೂರು ಸಾಕು. ಸಹಗುಣಕದ ಕೊನೆಗೇ ಸೊನ್ನೆ ಇದ್ದರೆ, 20ಕ⁶ ಥರ, ಸೊನ್ನೆಗಳು ಕಲಸಿಹೋಗುತ್ತವೆ. ಅದನ್ನು ಮೊದಲ ವಾರ ಕೊಡಬೇಡಿ.

ಪುಟ್ಟಿ ದಸರಾ ರಜೆಗೆ ಮುಂಚಿನ ಪರೀಕ್ಷೆಯಲ್ಲಿ ಐದು ಭಾಗಾಕಾರದಲ್ಲಿ ನಾಲ್ಕು ಸರಿ ಮಾಡಿದಳು. ಐದನೆಯದು 6ಕ⁵ಗ² ÷ 2ಕ³ಗ⁴. ಅವಳು 3ಕ²ಗ² ಅಂತ ಬರೆದಿದ್ದಳು. ಗ ಮೇಲೆ ಎರಡೇ ಸಲ ಇದೆ, ಕೆಳಗೆ ನಾಲ್ಕು ಸಲ. ಚಿಕ್ಕದರಲ್ಲಿ ದೊಡ್ಡದು ಕಳೆಯೋಕೆ ಆಗಲ್ಲ ಅಂತ ತಿರುಗಿಸಿ ಕಳೆದುಬಿಟ್ಟಿದ್ದಳು.

ಈ ಸಲ ನಾನು ಆತುರ ಪಡಲಿಲ್ಲ.

“ಲಕ್ಷವನ್ನ ಕೋಟಿಯಿಂದ ಭಾಗಿಸಿದ್ರೆ?”

“ಉಲ್ಟಾನಾ ಮಿಸ್?” ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. “ಮಾವಂಗೆ ಕೋಟಿಗೆ ಒಂದು ಲಕ್ಷ ಕಮಿಷನ್. ಒಂದು ಪರ್ಸೆಂಟ್. ನೂರರಲ್ಲಿ ಒಂದು.”

“ಸೊನ್ನೆ ಎಷ್ಟು?”

“ಐದರಲ್ಲಿ ಏಳು ಹೋದ್ರೆ… ಮೈನಸ್ ಎರಡು.” ಹತ್ತು ಅಂತ ಬರೆದಳು. ಅದರ ತಲೆಯ ಹತ್ತಿರ ಪೆನ್ಸಿಲ್ ತಂದು ನಿಲ್ಲಿಸಿದಳು.

“ಮಿಸ್, ಮೈನಸ್ ಅಲ್ಲಿ ಮೇಲೆ ಕೂತ್ಕೋಬಹುದಾ?”